ಬೋರ್‌ವೆಲ್‌ಗೆ ಮಾಡುವುದೂ ಅಮೆರಿಕದಲ್ಲಿ ಗ್ಯಾಸ್‌ಗೆ ಮಾಡುವುದೂ ಒಂದೇಯೇ?

ನಾನು ಭೂವಿಜ್ಞಾನ ಓದಿದವನೆಂದು ತಿಳಿದಿರುವ ರಾಯಚೂರು, ಮಾನ್ವಿ, ಲಿಂಗಸುಗೂರು ಕಡೆಯ ಪರಿಚಿತರು ಬೇಸಿಗೆ ಬಂತೆಂದರೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: “ಸರ್, ನಮ್ಮೂರ ಬೋರಿಗೆ ಹೈಡ್ರೋಫ್ರ್ಯಾಕ್ಚರಿಂಗ್ ಮಾಡಿಸ್ತೀವಿ ಅಂತಾರ. ಅಮೆರಿಕಾದಾಗ ಗ್ಯಾಸ್ ತೆಗಿಯಾಕ ಅದನ್ನ ಮಾಡಿ ಕುಡಿಯೋ ನೀರು ಕೆಟ್ಟಾವಂತಲ್ಲ, ನಮಗೂ ಹಂಗ ಆದ್ರ?” ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ, ಆ ಗ್ಯಾಸಿನಿಂದ ಲಾಭವೋ ನಷ್ಟವೋ ಎಂಬುದು. ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ತತ್ವ ಒಂದೇ: ಕೊಳವೆಯೊಳಗೆ ಒತ್ತಡದಿಂದ ನೀರು ನುಗ್ಗಿಸಿ ಬಂಡೆಯ ಬಿರುಕುಗಳನ್ನು ತೆರೆಯುವುದು. ನಮ್ಮ ಬೋರ್‌ವೆಲ್‌ನಲ್ಲಿ ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು) ಮುಗಿದು ಗಟ್ಟಿಬಂಡೆ ಆರಂಭವಾದ ಮೇಲೆ ಪ್ಯಾಕರ್ ಎಂಬ ರಬ್ಬರಿನ ಬಿರಡೆಯನ್ನು ಇಳಿಸಿ, ಅದನ್ನು ಉಬ್ಬಿಸಿ, ಅದರ ಕೆಳಗಿನ ಭಾಗಕ್ಕೆ ಟ್ಯಾಂಕರಿನ ನೀರನ್ನು ಪಂಪಿನಿಂದ ಒತ್ತುತ್ತಾರೆ. ಒತ್ತಡದ ಮುಳ್ಳು ಏರುತ್ತ ಹೋಗಿ ಒಮ್ಮೆಲೇ ಕುಸಿದರೆ, ಜೇಡಿ ಕಟ್ಟಿಕೊಂಡಿದ್ದ ಬಿರುಕು ಬಾಯಿ ಬಿಟ್ಟಿತೆಂದು ಅರ್ಥ. ಇದರಲ್ಲಿ ರಾಸಾಯನಿಕವಿಲ್ಲ, ಆಳ ಕೆಲವು ನೂರು ಅಡಿ ಮಾತ್ರ, ಕೆಲಸವೂ ಒಂದು ದಿನದೊಳಗೆ ಮುಗಿಯುತ್ತದೆ. ಕೇಸಿಂಗ್ ಸರಿಯಾಗಿ ಬಂಡೆಗೆ ಕೂತಿರದಿದ್ದರೆ ಮೇಲಿನ ಕೊಳೆನೀರು ಒಳಗಿಳಿಯುವ ಭಯವಿದೆಯೇ ಹೊರತು ಅಮೆರಿಕದ ಕಥೆಗೂ ಇದಕ್ಕೂ ಸಂಬಂಧವಿಲ್ಲ.

ಗ್ಯಾಸ್‌ಗಾಗಿ ಮಾಡುವ ಕೆಲಸದ ಗಾತ್ರವೇ ಬೇರೆ. ಒಂದೂವರೆಯಿಂದ ಮೂರು ಕಿಲೋಮೀಟರ್ ಆಳದಲ್ಲಿ ಶೇಲ್ ಎಂಬ ಪದರಗಲ್ಲಿರುತ್ತದೆ. ಅದರಲ್ಲಿ ಅನಿಲವಿದ್ದರೂ ಕಲ್ಲಿನ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿರದ ಕಾರಣ ಅದು ಹರಿದು ಬರುವುದಿಲ್ಲ. ಬಾವಿಯನ್ನು ಅಷ್ಟು ಆಳಕ್ಕೆ ಇಳಿಸಿ, ಅಲ್ಲಿಂದ ಅಡ್ಡಡ್ಡ ತಿರುಗಿಸಿ ಮತ್ತೆ ಕಿಲೋಮೀಟರ್‌ಗಟ್ಟಲೆ ಕೊರೆದು, ಹಂತಹಂತವಾಗಿ ಬಂಡೆಯನ್ನು ಸೀಳುತ್ತಾರೆ. ತೆರೆದ ಬಿರುಕು ಮತ್ತೆ ಮುಚ್ಚಿಕೊಳ್ಳದಂತೆ ನೀರಿನ ಜೊತೆ ಮರಳನ್ನು ಕಳಿಸುತ್ತಾರೆ. ಘರ್ಷಣೆ ತಗ್ಗಿಸಲು, ಸೂಕ್ಷ್ಮಜೀವಿಗಳನ್ನು ಕೊಲ್ಲಲು, ತುಕ್ಕು ತಡೆಯಲು ರಾಸಾಯನಿಕಗಳನ್ನು ಸ್ವಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಈ ವಿಧಾನದ ಮೊದಲ ಪ್ರಯೋಗ ನಡೆದದ್ದು 1947ರಲ್ಲಿ, ಕಾನ್ಸಾಸ್‌ನ ಹ್ಯೂಗೋಟನ್ ಅನಿಲ ಕ್ಷೇತ್ರದಲ್ಲಿ. ಆದರೆ ಶೇಲ್‌ನಿಂದ ಲಾಭ ಬರುವಂತೆ ಅನಿಲ ತೆಗೆಯುವುದು ಸಾಧ್ಯವಾದದ್ದು 1990ರ ದಶಕದ ಕೊನೆಗೆ, ಟೆಕ್ಸಾಸ್‌ನಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿಯ ಹಟದಿಂದ.

ಇಲ್ಲೊಂದು ಪಕ್ಕದ ಮಾತು. ಮರಳು ನೀರಿನಲ್ಲಿ ತಳಕ್ಕಿಳಿಯದಂತೆ ದ್ರವವನ್ನು ಗಟ್ಟಿ ಮಾಡಲು ಬಳಸುವ ಗೌರ್ ಅಂಟು ನಮ್ಮ ಅಡುಗೆಮನೆಯ ಚವಳಿಕಾಯಿಯ ಬೀಜದ್ದೇ. ಜಗತ್ತಿಗೆ ಬೇಕಾದ ಗೌರ್‌ನ ಬಹುಪಾಲನ್ನು ಬೆಳೆಯುವುದು ರಾಜಸ್ಥಾನ, ಹರಿಯಾಣದ ಒಣಭೂಮಿಯಲ್ಲಿ. ಅಮೆರಿಕದ ಬಾವಿಗಳು ಹೆಚ್ಚಿದಂತೆ ಅದರ ಬೆಲೆ ಹುಚ್ಚುಹುಚ್ಚಾಗಿ ಏರಿ, 2012ರ ಮಾರ್ಚ್‌ನಲ್ಲಿ ಅದರ ವಾಯಿದಾ ವ್ಯಾಪಾರವನ್ನೇ (ಮುಂದೆ ಕೊಡುವ ಸರಕಿಗೆ ಇಂದೇ ಬೆಲೆ ಗೊತ್ತುಮಾಡುವ ವ್ಯವಹಾರ) ನಿಲ್ಲಿಸಬೇಕಾಯಿತು. ಆಮೇಲೆ ಬೆಲೆ ಅಷ್ಟೇ ರಭಸದಿಂದ ಬಿತ್ತು. ದೂರದ ಟೆಕ್ಸಾಸ್‌ನ ಬಾವಿಗೂ ಇಲ್ಲಿನ ಒಣಬೇಸಾಯಕ್ಕೂ ಎತ್ತಣಿಂದೆತ್ತ ಸಂಬಂಧವೆನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಲಾಭದ ಮಾತಿಗೆ ಬಂದರೆ, ಅದನ್ನು ಅಲ್ಲಗಳೆಯುವಂತಿಲ್ಲ. 2005ರ ಸುಮಾರಿಗೆ ಅಮೆರಿಕದ ವಿದ್ಯುತ್ತಿನ ಅರ್ಧದಷ್ಟು ಕಲ್ಲಿದ್ದಲಿನಿಂದ ಬರುತ್ತಿತ್ತು. 2016ರಲ್ಲಿ ಅನಿಲವು ಕಲ್ಲಿದ್ದಲನ್ನು ಹಿಂದೆ ಹಾಕಿತು, 2023ರ ಹೊತ್ತಿಗೆ ಕಲ್ಲಿದ್ದಲಿನ ಪಾಲು ಐದನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಒಂದು ಯೂನಿಟ್ ವಿದ್ಯುತ್ತಿಗೆ ಅನಿಲದಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನದರ ಸುಮಾರು ಅರ್ಧ. ಬೂದಿಯಂತೂ ಇಲ್ಲವೇ ಇಲ್ಲ. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ ಗಾಳಿ ಬೀಸಿದಾಗ ಒಣಹಾಕಿದ ಬಟ್ಟೆಯ ಮೇಲೆ, ಹತ್ತಿಯ ಎಲೆಯ ಮೇಲೆ ಕೂರುವುದನ್ನು ಕಂಡವರಿಗೆ, ಅಂಥದೇ ಸ್ಥಾವರವಿರುವ ಕುಡಿತಿನಿಯ ಸುತ್ತಲಿನವರಿಗೆ, ಇದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಅಪಾಯದ ವಿಷಯದಲ್ಲಿ ಮಾತ್ರ ಜನ ನೋಡಬೇಕಾದ ಕಡೆ ನೋಡುತ್ತಿಲ್ಲವೆಂಬುದು ನನ್ನ ಅಭಿಪ್ರಾಯ. ಎರಡು ಕಿಲೋಮೀಟರ್ ಕೆಳಗಿನ ಬಿರುಕು ಮೇಲಿನ ಕುಡಿಯುವ ನೀರಿನ ಪದರದವರೆಗೆ ಸೀಳಿಕೊಂಡು ಬರುವುದು ಸಾಮಾನ್ಯವಾಗಿ ಆಗುವ ಸಂಗತಿಯಲ್ಲ. ತೊಂದರೆ ಬರುವುದು ಬಾವಿಯ ಕೊಳವೆಯ ಸುತ್ತ ಹಾಕಿದ ಸಿಮೆಂಟ್ ಸಡಿಲವಾಗಿದ್ದರೆ, ನೆಲದ ಮೇಲೆ ರಾಸಾಯನಿಕ ಚೆಲ್ಲಿದರೆ, ಹಿಂದಿರುಗಿ ಬರುವ ಕೊಳೆನೀರನ್ನು ಎಲ್ಲೆಂದರಲ್ಲಿ ಬಿಟ್ಟರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಪ್ರಕಟಿಸಿದ ವರದಿಯೂ ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ಧಕ್ಕೆಯಾಗಬಹುದೆಂದು ಹೇಳಿ, ಹೆಚ್ಚುಕಡಿಮೆ ಇವೇ ಸಂದರ್ಭಗಳನ್ನು ಪಟ್ಟಿ ಮಾಡಿತು.

ನೀರಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ರಕಾರ ಒಂದು ಬಾವಿಗೆ ಬೇಕಾಗುವ ನೀರು ಸುಮಾರು 57 ಲಕ್ಷ ಲೀಟರ್‌ನಿಂದ 6 ಕೋಟಿ ಲೀಟರ್‌ವರೆಗೆ, ಅಂದರೆ ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಸಾವಿರದ ನೂರರಿಂದ ಹನ್ನೆರಡು ಸಾವಿರ. ಕೇಳಿದೊಡನೆ ಎದೆ ಝಲ್ಲೆನ್ನುತ್ತದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಒಂದು ಎಕರೆ ಭತ್ತಕ್ಕೆ ಒಂದು ಬೆಳೆಗೆ ನಾಲ್ಕು ಅಡಿ ನೀರು ನಿಲ್ಲಿಸಿದಷ್ಟು ಖರ್ಚಾದರೆ ಅದೇ 50 ಲಕ್ಷ ಲೀಟರ್‌ಗೆ ಹತ್ತಿರ. ಒಂದು ಅನಿಲ ಬಾವಿ ಕುಡಿಯುವುದು ಒಂದೆರಡು ಎಕರೆಯಿಂದ ಹತ್ತು ಹನ್ನೆರಡು ಎಕರೆ ಭತ್ತ ಕುಡಿಯುವಷ್ಟನ್ನು. ವ್ಯತ್ಯಾಸವಿರುವುದು ಆಮೇಲೆ. ಗದ್ದೆಯ ನೀರು ಆವಿಯಾಗಿಯೋ ಬಸಿಯಾಗಿಯೋ ಹಳ್ಳ ಸೇರಿಯೋ ಮತ್ತೆ ಚಲಾವಣೆಗೆ ಬರುತ್ತದೆ. ಬಾವಿಗೆ ಒತ್ತಿದ ನೀರಿನ ಒಂದು ಭಾಗ ಭೂಗರ್ಭದಲ್ಲೇ ಉಳಿದುಹೋಗುತ್ತದೆ, ಮೇಲೆ ಬಂದದ್ದು ಉಪ್ಪನ್ನು ಹೊತ್ತು ಬರುತ್ತದೆ. ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಶೇಲ್‌ನಿಂದ ಬರುವ ನೀರು ಸಮುದ್ರಕ್ಕಿಂತ ಹಲವು ಪಟ್ಟು ಉಪ್ಪಾಗಿರುವುದುಂಟು, ಅದರಲ್ಲಿ ವಿಕಿರಣ ಸೂಸುವ ರೇಡಿಯಂ ಕೂಡ ಇರುತ್ತದೆ. ಸಿಂಧನೂರು, ಗಂಗಾವತಿ ಕಡೆ ಸವಳಾದ ಹೊಲವನ್ನು ಸರಿಪಡಿಸಲು ಎಷ್ಟು ವರ್ಷ ಹಿಡಿಯುತ್ತದೆಂದು ಕಂಡವರು ಅಂಥ ನೀರು ನೆಲಕ್ಕೆ ಬಿದ್ದರೆ ಏನಾದೀತೆಂದು ಊಹಿಸಬಲ್ಲರು.

ಆ ಉಪ್ಪುನೀರನ್ನು ಅಲ್ಲಿ ಹೆಚ್ಚಾಗಿ ಬೇರೆ ಆಳವಾದ ಬಾವಿಗಳಿಗೆ ತುಂಬುತ್ತಾರೆ. ಓಕ್ಲಹೋಮಾದಲ್ಲಿ ಮೂರಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪಗಳು ಮೊದಲು ವರ್ಷಕ್ಕೆ ಒಂದೆರಡು ಆಗುತ್ತಿದ್ದವು. 2015ರಲ್ಲಿ ಅವು ಒಂಬೈನೂರರ ಆಸುಪಾಸಿಗೆ ಹೋದವು, 2016ರಲ್ಲಿ ಪಾನೀ ಎಂಬ ಊರಿನ ಬಳಿ 5.8 ತೀವ್ರತೆಯ ಕಂಪನವಾಯಿತು. ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬಂಡೆ ಸೀಳಿದ್ದಲ್ಲ, ತೈಲ ಮತ್ತು ಅನಿಲದ ಜೊತೆ ಬಂದ ಕೊಳೆನೀರನ್ನು ಒತ್ತಿ ತುಂಬಿದ್ದು. ಇಂಗ್ಲೆಂಡಿನಲ್ಲಿ ಮಾತ್ರ ಸೀಳುವ ಕೆಲಸವೇ ನೆಲವನ್ನು ಅದುರಿಸಿದ್ದರಿಂದ 2019ರ ನವೆಂಬರ್‌ನಲ್ಲಿ ಅದನ್ನು ತಡೆಹಿಡಿಯಲಾಯಿತು. ಫ್ರಾನ್ಸ್ 2011ರಲ್ಲೇ ನಿಷೇಧಿಸಿತ್ತು.

ಇನ್ನು ಮೀಥೇನ್, ಅಂದರೆ ಈ ಅನಿಲದ ಮುಖ್ಯ ಅಂಶ. ಇಪ್ಪತ್ತು ವರ್ಷಗಳ ಅವಧಿಗೆ ಲೆಕ್ಕ ಹಾಕಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಎಂಬತ್ತು ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ಅಮೆರಿಕದ ತೈಲ ಮತ್ತು ಅನಿಲ ಉದ್ಯಮದಲ್ಲಿ ಒಟ್ಟು ಉತ್ಪಾದನೆಯ ಶೇ 2.3ರಷ್ಟು ಸೋರುತ್ತಿದೆಯೆಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಸರ್ಕಾರದ ಅಂದಾಜು ಅದಕ್ಕಿಂತ ಬಹಳ ಕಡಿಮೆ ಇತ್ತು. ಈ ಸೋರಿಕೆ ಹೆಚ್ಚಿದಷ್ಟೂ ಬೂದಿಯಿಲ್ಲದ ಇಂಧನವೆಂಬ ಹೆಗ್ಗಳಿಕೆ, ಕನಿಷ್ಠ ಹವಾಮಾನದ ಮಟ್ಟಿಗೆ, ಸವೆಯುತ್ತ ಹೋಗುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಇದು ಬರಬಹುದೇ ಎಂದು ಕೇಳುವವರು ಆತಂಕಪಡಬೇಕಾಗಿಲ್ಲ, ಆಸೆಪಡಬೇಕಾಗಿಯೂ ಇಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಗಳು ಬಹುಮಟ್ಟಿಗೆ ಕೂತಿರುವುದು ಇನ್ನೂರೈವತ್ತು ಕೋಟಿ ವರ್ಷಗಳ ಆಜುಬಾಜಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಮೇಲೆ, ನಡುನಡುವೆ ಸಂಡೂರು, ಹಟ್ಟಿಯಂಥ ಇನ್ನೂ ಹಳೆಯ ಶಿಲಾಪಟ್ಟಿಗಳ ಮೇಲೆ. ಇಲ್ಲಿ ಕಬ್ಬಿಣವಿದೆ, ಚಿನ್ನವಿದೆ. ಶೇಲ್ ಅನಿಲ ಹುಟ್ಟುವ ನೆಲ ಇದಲ್ಲ. ದೇಶದಲ್ಲಿ ಇಂಥ ಅನಿಲವನ್ನು ಹುಡುಕಿರುವುದು ಖಂಬಾತ್, ಕೃಷ್ಣಾ-ಗೋದಾವರಿ, ಕಾವೇರಿ, ದಾಮೋದರ ಕಣಿವೆಗಳಲ್ಲಿ. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದ ಬಳಿ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿ ಕೊರೆದ ಬಾವಿಯಲ್ಲಿ ಶೇಲ್ ಅನಿಲ ಕಾಣಿಸಿಕೊಂಡಿತು, ಆದರೆ ದೊಡ್ಡ ಉತ್ಪಾದನೆ ಆಗಲಿಲ್ಲ.

ಅಂಥ ಕಡೆ ಒಪ್ಪಿಗೆ ಕೊಡಬಹುದೇ ಎಂದರೆ, ನನ್ನ ಷರತ್ತು ಒಂದೇ: ಕೊರೆಯುವ ಮೊದಲು ಸುತ್ತಲಿನ ಪ್ರತಿಯೊಂದು ಬೋರ್‌ವೆಲ್‌ನ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಪೆನ್ಸಿಲ್ವೇನಿಯಾದ ಡಿಮಾಕ್‌ನಲ್ಲಿ 2009ರಿಂದ ಊರವರಿಗೂ ಅನಿಲ ಕಂಪನಿಗೂ ನಡೆದ ಜಗಳದ ಮುಖ್ಯ ಗಂಟು ಕುಡಿಯುವ ನೀರಿನ ಬಾವಿಗಳಲ್ಲಿದ್ದ ಮೀಥೇನ್ ಮೊದಲೇ ಇತ್ತೇ, ಆಮೇಲೆ ಬಂತೇ ಎಂಬುದು. ನಮ್ಮಲ್ಲಿ ಎಷ್ಟೋ ಹಳ್ಳಿಗಳ ನೀರಿನಲ್ಲಿ ಬಂಡೆಯಿಂದಲೇ ಫ್ಲೋರೈಡ್ ಬರುತ್ತದೆ. ನಾಳೆ ಯಾವುದೋ ಕಾರ್ಖಾನೆ ಅದಕ್ಕೆ ಇನ್ನಷ್ಟು ಸೇರಿಸಿದರೆ, ಹಳೆಯ ಪರೀಕ್ಷೆಯ ಕಾಗದವಿಲ್ಲದೆ ಯಾರೂ ಅದನ್ನು ಸಾಬೀತುಪಡಿಸಲಾರರು. ಕಾನೂನಿದ್ದರೆ ಸಾಕೆನ್ನುವವರಿಗೆ ಬಳ್ಳಾರಿಯನ್ನು ತೋರಿಸಬೇಕು: ಗಣಿ ಕಾನೂನು ಜಾರಿಯಲ್ಲಿದ್ದಾಗಲೇ ಪರಿಸ್ಥಿತಿ ಕೈಮೀರಿ, 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಯಿತು.

ಒಂದು ವಿಷಯ ಮಾತ್ರ ಪ್ರಶ್ನೆ ಕೇಳುವವರ ಗಮನಕ್ಕೆ ಬಂದಿರುವುದಿಲ್ಲ. ಕೇಂದ್ರ ಸರ್ಕಾರದ ಅನಿಲ ಕಂಪನಿ ಗೇಲ್ ಅಮೆರಿಕದಿಂದ ದೀರ್ಘಾವಧಿಯ ಒಪ್ಪಂದದ ಮೇಲೆ ಖರೀದಿಸಿದ ದ್ರವೀಕೃತ ಅನಿಲದ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದಾಭೋಳಕ್ಕೆ ಬಂತು, ಅಲ್ಲಿಂದ ಬೆಂಗಳೂರಿನವರೆಗೆ ಕರ್ನಾಟಕವನ್ನು ಹಾದು ಕೊಳವೆ ಮಾರ್ಗವಿದೆ. ಟೆಕ್ಸಾಸ್‌ನಲ್ಲೋ ಪೆನ್ಸಿಲ್ವೇನಿಯಾದಲ್ಲೋ ಬಂಡೆ ಸೀಳಿ ತೆಗೆದ ಅನಿಲ ನಮ್ಮ ರಾಜ್ಯದ ಒಲೆಗಳನ್ನು, ಬಾಯ್ಲರುಗಳನ್ನು ಮುಟ್ಟುವ ದಾರಿ ಆಗಲೇ ತೆರೆದಿದೆ. ಅದರ ಉಪ್ಪುನೀರು ಮಾತ್ರ ಅಲ್ಲಿಯೇ ಉಳಿಯುತ್ತದೆ.