ಆ ಹಳ್ಳೀಲಿ ರಜೆ ದಿನ ಏನ್ ಮಾಡ್ತೀಯ?

ಫೋನ್ ಮಾಡಿದಾಗಲೆಲ್ಲ ಚಿಕ್ಕಮ್ಮ ಕೇಳುವುದು ಇದನ್ನೇ. "ಅಲ್ಲಿ ಮಾಲ್ ಇಲ್ಲ, ಥಿಯೇಟರ್ ಇಲ್ಲ, ನಮ್ಮೋರು ಅಂತ ಒಬ್ಬರಿಲ್ಲ. ರಜೆ ದಿನ ಏನ್ ಮಾಡ್ತೀಯಮ್ಮ?" ಲಂಡನ್ನಿನ ಗೆಳತಿಯರದ್ದೂ ಅದೇ ಪ್ರಶ್ನೆ, ಸ್ವಲ್ಪ ಕನಿಕರ ಜಾಸ್ತಿ ಅಷ್ಟೆ.

ನಾನಿರುವುದು ಶ್ರಾಪ್‌ಶೈರ್‌ನಲ್ಲಿ. ಇಂಗ್ಲೆಂಡಿನ ಪಶ್ಚಿಮದ ಅಂಚು, ಆಚೆಗೆ ವೇಲ್ಸ್. ಚರ್ಚ್ ಸ್ಟ್ರೆಟನ್ ಅನ್ನುವ ಪುಟ್ಟ ಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿ. ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್‌ನಲ್ಲಿ ಕೆಲಸ. ಶಿಫ್ಟ್ ಆದ್ದರಿಂದ ರಜೆ ಮಂಗಳವಾರವೂ ಬರಬಹುದು, ಭಾನುವಾರವೂ ಬರಬಹುದು. ಪ್ರಶ್ನೆಗೆ ಚುಟುಕಾಗಿ ಉತ್ತರ ಹೇಳಬೇಕೆಂದರೆ: ನಡೆಯುತ್ತೇನೆ, ಹಣ್ಣು ಕೀಳುತ್ತೇನೆ, ಬೇರೆಯವರ ದನ ನೋಡುತ್ತೇನೆ, ಪಬ್ಬಿನಲ್ಲಿ ಕೂತು ಕ್ವಿಜ್‌ನಲ್ಲಿ ಸೋಲುತ್ತೇನೆ. ಚಿಕ್ಕಮ್ಮನಿಗೆ ಇದೊಂದು ಉತ್ತರ ಅಂತಲೇ ಅನ್ನಿಸುವುದಿಲ್ಲ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಖುಷಿಪಡೋಕೆ ದುಡ್ಡು ಜಾಸ್ತಿ ಬೇಡ. ಆದರೆ ಹೊತ್ತುಗೊತ್ತು ತಿಳಿದಿರಬೇಕು. ಊರಲ್ಲಿ ಮನಸ್ಸು ಬಂದಾಗ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಚಾಟ್ಸ್ ಅಂಗಡಿ ತೆರೆದೇ ಇರುತ್ತದೆ. ಇಲ್ಲಿ ಹಾಗಿಲ್ಲ. ಬಸ್ಸಿಗೊಂದು ಹೊತ್ತು, ಬೆಳಕಿಗೊಂದು ಹೊತ್ತು, ಹಣ್ಣಿಗೊಂದು ತಿಂಗಳು. ತಪ್ಪಿಸಿಕೊಂಡಿರೋ, ಮುಂದಿನ ಸಲ ನೋಡಿಕೊಳ್ಳಬೇಕು.

ಬಸ್ಸಿನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಹಳ್ಳಿಗೆ ಸಂಜೆಯ ಮೇಲೆ ಬಸ್ಸಿಲ್ಲ. ಭಾನುವಾರ ಇಡೀ ದಿನ ಇಲ್ಲ. ಟಿಕೆಟ್ ಮಾತ್ರ ಅಗ್ಗ. 2025ರ ಜನವರಿಯಿಂದ ಇಂಗ್ಲೆಂಡಿನ ಹೆಚ್ಚಿನ ಬಸ್ಸುಗಳಲ್ಲಿ ಒಂದು ಸಲದ ಪ್ರಯಾಣಕ್ಕೆ ಗರಿಷ್ಠ 3 ಪೌಂಡ್, ಅದಕ್ಕೂ ಮುಂಚೆ 2 ಪೌಂಡ್ ಇತ್ತು. ಟಿಕೆಟ್ ಅಗ್ಗವಾಗಿ ಏನು ಪ್ರಯೋಜನ, ಬಸ್ಸೇ ಬರದಿದ್ದರೆ? ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ನೆಲೆಸಿದ ಮೊದಲ 12 ತಿಂಗಳು ಗಾಡಿ ಓಡಿಸಬಹುದು. ಆಮೇಲೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ವಯಸ್ಸು ಚಿಕ್ಕದಾದಷ್ಟೂ ಇನ್ಶೂರೆನ್ಸ್ ದುಬಾರಿ. ಹಾಗಾಗಿ ನನ್ನ ತಿರುಗಾಟವೆಲ್ಲ ಕಾಲ್ನಡಿಗೆಯಲ್ಲೇ. ಇಂಗ್ಲೆಂಡಿನ ಹಳ್ಳಿ ಅಂದರೆ ಸ್ವರ್ಗ ಅಂತ ಬರೆಯುವವರ ಹತ್ತಿರ ಒಂದು ಕಾರು ಇದ್ದೇ ಇರುತ್ತದೆ, ಗಮನಿಸಿ ನೋಡಿ.

ಆದರೆ ನಡೆಯುವವರಿಗೆ ಈ ದೇಶದಲ್ಲಿ ಒಂದು ದೊಡ್ಡ ಅನುಕೂಲ ಉಂಟು. ಬೇರೆಯವರ ಹೊಲದ ನಡುವೆ ಹೋಗುವ ಕಾಲುದಾರಿಯಲ್ಲಿ ನಡೆಯುವುದು ಇಲ್ಲಿ ಎಲ್ಲರ ಹಕ್ಕು. ನಮ್ಮ ಕಡೆಯ ಗ್ರಾಮನಕ್ಷೆಯಲ್ಲೂ ಬಂಡಿದಾರಿ, ಕಾಲುದಾರಿ ಗುರುತು ಇರುತ್ತದೆ ನಿಜ. ಆದರೆ ಅದನ್ನು ತೆಗೆದು ನೋಡುವುದು ಜಗಳ ಶುರುವಾದ ಮೇಲೆ. ಇಲ್ಲಿ ಅಂಥ ನಕ್ಷೆ ಪುಸ್ತಕದಂಗಡಿಯಲ್ಲೇ ಸಿಗುತ್ತದೆ. ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡನೆನ್ಸ್ ಸರ್ವೆಯವರ ಕಿತ್ತಳೆ ರಟ್ಟಿನ ನಕ್ಷೆ. ಅದರಲ್ಲಿ ಹಸಿರು ತುಂಡು ಗೆರೆಗಳೆಲ್ಲ ಕಾಲುದಾರಿ. ದಾರಿಯಲ್ಲಿ ಗೇಟಿನ ಕಂಬಕ್ಕೆ ಹಳದಿ ಬಾಣ ಹೊಡೆದಿರುತ್ತಾರೆ. ನೀಲಿ ಬಾಣ ಕಂಡರೆ ಕುದುರೆಯವರೂ ಬರುವ ದಾರಿ, ಪಕ್ಕಕ್ಕೆ ಸರಿದುಕೊಳ್ಳಬೇಕು. ಹೊಲದ ನಡುವೆ ದಾರಿ ಇದ್ದರೆ ರೈತ ಉಳಬಹುದು, ಆದರೆ ಬಿತ್ತನೆಗೆ ಅಂತ ಮೊದಲ ಸಲ ಉತ್ತ 14 ದಿನದೊಳಗೆ ಕನಿಷ್ಠ ಒಂದು ಮೀಟರ್ ಅಗಲ ದಾರಿ ಬಿಟ್ಟುಕೊಡಬೇಕು. ಹೀಗಾಗಿ ಎದೆಮಟ್ಟ ಬೆಳೆದ ಮೆಕ್ಕೆಜೋಳದ ನಡುವೆ ನೆಟ್ಟಗೆ ಒಂದು ಗೆರೆ ಕಾಣುತ್ತದೆ. ಮೊದಮೊದಲು ಅದರೊಳಗೆ ಹೋಗುವಾಗ ಯಾರೋ "ಏಯ್" ಅಂತ ಕೂಗುತ್ತಾರೆ ಅಂತ ಕಿವಿ ನಿಮಿರುತ್ತಿತ್ತು. ಯಾರೂ ಕೂಗಲಿಲ್ಲ. ಟ್ರ್ಯಾಕ್ಟರಿನಲ್ಲಿದ್ದವರು ಕೈ ಎತ್ತಿ ಹೋದರು.

ಇದನ್ನು ಇವರಿಗೆ ಯಾರೂ ಸುಮ್ನೆ ಕೊಟ್ಟಿದ್ದಲ್ಲ. 1932ರ ಏಪ್ರಿಲ್ 24ರಂದು ಡಾರ್ಬಿಶೈರ್‌ನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನೂರಾರು ಜನ ಯುವಕ ಯುವತಿಯರು ಬೇಕಂತಲೇ ನುಗ್ಗಿದರು. ಆ ಬೆಟ್ಟವನ್ನು ಜಮೀನುದಾರರು ಬೇಟೆಗೆ ಅಂತ ಮುಚ್ಚಿಟ್ಟಿದ್ದರು. ಐವರು ಜೈಲಿಗೆ ಹೋದರು. ನುಗ್ಗಿದವರಲ್ಲಿ ಹೆಚ್ಚಿನವರು ಮ್ಯಾಂಚೆಸ್ಟರ್ ಸುತ್ತಮುತ್ತ ದುಡಿಯುವ ಹುಡುಗರು. ವಾರವಿಡೀ ಕಾರ್ಖಾನೆ, ಸಿಗುವುದೊಂದು ಭಾನುವಾರ, ಅದರಲ್ಲಿ ಬೆಟ್ಟ ಹತ್ತೋಕೂ ಬಿಡುವುದಿಲ್ಲ ಅಂದರೆ? ಕಾಲುದಾರಿಗಳನ್ನೆಲ್ಲ ಅಧಿಕೃತವಾಗಿ ನಕ್ಷೆಗೆ ಸೇರಿಸುವ ಕಾನೂನು 1949ರಲ್ಲಿ ಬಂತು. ದಾರಿ ಬಿಟ್ಟು ಬೆಟ್ಟ ಬಯಲಿನಲ್ಲೆಲ್ಲ ಓಡಾಡುವ ಹಕ್ಕು ಸಿಕ್ಕಿದ್ದು 2000ದ ಕಾನೂನಿನಿಂದ. ಅದೂ ಇಂಗ್ಲೆಂಡಿನ ನೆಲದ ಶೇಕಡಾ 8ರಷ್ಟರಲ್ಲಿ ಮಾತ್ರ. ಇಲ್ಲಿ ಎಲ್ಲಿ ಬೇಕಾದರೂ ತಿರುಗಬಹುದು ಅಂದುಕೊಂಡು ಬರಬೇಡಿ.

ನನ್ನ ಪುಣ್ಯ, ಹತ್ತಿರದಲ್ಲೇ ಅಂಥ ಬೆಟ್ಟ ಇದೆ. ಲಾಂಗ್ ಮಿಂಡ್ ಅಂತ. ಅದರ ಬಹುಪಾಲು 1965ರಿಂದ, ಹಳೆ ಕಟ್ಟಡ ಬೆಟ್ಟಗುಡ್ಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಯಲ್ಲಿದೆ. ಕಾರ್ಡಿಂಗ್ ಮಿಲ್ ಕಣಿವೆಯ ಕಡೆಯಿಂದ ಹತ್ತುತ್ತೇನೆ. ಕೆಳಗೆ ಟೀ ಅಂಗಡಿ ಇದೆ, ಅಲ್ಲಿಯ ಸ್ಕೋನ್ ಅನ್ನುವ ಬನ್ನಿನಂಥ ತಿಂಡಿ ಚೆನ್ನಾಗಿರುತ್ತದೆ, ಚಹಾ ಬಗ್ಗೆ ಏನೂ ಹೇಳುವುದಿಲ್ಲ. ತೊರೆಯ ಪಕ್ಕದಲ್ಲೇ ಏರಿದರೆ ಮೇಲೆ ಬಯಲು. ತುದಿ ಪೋಲ್ ಬ್ಯಾಂಕ್, 516 ಮೀಟರ್. ನಮ್ಮ ದೇವರಾಯನದುರ್ಗ ಇದರ ಎರಡು ಪಟ್ಟಿಗಿಂತ ಎತ್ತರ ಅಂತ ಇಲ್ಲಿಯವರಿಗೆ ಹೇಳಿದ್ದೇನೆ, ಅವರಿಗೆ ಬೇಜಾರಾಗಲಿಲ್ಲ. ಆದರೆ ಮೇಲೆಲ್ಲ ಬಯಲಾದ್ದರಿಂದ ಗಾಳಿ ಬೀಸಿದರೆ ಕಿವಿ ಉದುರಿಹೋಗುತ್ತದೇನೋ ಅನ್ನಿಸುತ್ತದೆ. ಅದೇ ಗಾಳಿಗಾಗಿ 1934ರಿಂದ ಒಂದು ಗ್ಲೈಡಿಂಗ್ ಕ್ಲಬ್ ಇಲ್ಲಿದೆ. ಎಂಜಿನ್ ಇಲ್ಲದ ವಿಮಾನಗಳು. ಹಾರೋಕೆ ದುಡ್ಡು ಬೇಕು, ಹುಲ್ಲಿನ ಮೇಲೆ ಕೂತು ನೋಡೋಕೆ ಬೇಡ. ನಾನು ಡಬ್ಬಿಯಲ್ಲಿ ಚಿತ್ರಾನ್ನ ತಗೊಂಡು ಹೋಗುತ್ತೇನೆ. ತಲೆ ಮೇಲೆ ಹೋದಾಗ ಸುಯ್ಯ್ ಅಂತ ಸದ್ದು, ಅಷ್ಟೆ.

ಇನ್ನು ಹಣ್ಣು. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಲಾಂಗ್ ಮಿಂಡ್ ಮೇಲೆ ವಿನ್‌ಬೆರಿ ಕಾಲ. ಬ್ಲೂಬೆರಿಯ ಬಳಗದ ಕಾಡುಹಣ್ಣು, ಆದರೆ ಪುಟ್ಟದು. ಗಿಡ ಮೊಣಕಾಲೆತ್ತರವೂ ಇರುವುದಿಲ್ಲ. ಬಗ್ಗಿ ಬಗ್ಗಿ ಕೀಳಬೇಕು, ಒಂದು ಲೋಟ ತುಂಬೋಕೆ ಸೊಂಟ ಬಿದ್ದುಹೋಗುತ್ತದೆ. ತಿಂದರೆ ನೇರಳೆ ಹಣ್ಣು ತಿಂದ ಹಾಗೆ ನಾಲಿಗೆಯೆಲ್ಲ ನೀಲಿ. ನಮ್ಮ ಕೇರ್ ಹೋಮಿನ ಅಜ್ಜಿಯೊಬ್ಬರಿಗೆ ಇದರ ಸುದ್ದಿ ತೆಗೆದರೆ ಸಾಕು. ಅವರ ಕಾಲದಲ್ಲಿ ಮನೆಮಂದಿಯೆಲ್ಲ ಬೆಟ್ಟಕ್ಕೆ ಹೋಗುತ್ತಿದ್ದರಂತೆ. ಹಣ್ಣು ಮಾರಿದ ದುಡ್ಡಿನಲ್ಲಿ ಮಕ್ಕಳಿಗೆ ಚಳಿಗಾಲದ ಬೂಟು. ಅಂದರೆ ನನಗೆ ಇವತ್ತು ಕಾಲಕ್ಷೇಪವಾಗಿರುವುದು ಅವರಿಗೆ ಆಗ ಕೂಲಿ. ಒಂದು ಸಲ ಒಂದು ಡಬ್ಬಿ ತಂದುಕೊಟ್ಟೆ. ತಿಂದರು. "ಎಲೆ ಜಾಸ್ತಿ ಬಿಟ್ಟಿದ್ದೀಯ, ಸರಿಯಾಗಿ ಆರಿಸಿಲ್ಲ" ಅಂದರು.

ಕಾಡುಹಣ್ಣು ಕಿತ್ತರೆ ಕಳ್ಳತನ ಆಗೋಲ್ವಾ ಅಂತ ಅಪ್ಪ ಕೇಳಿದ್ದರು. ಆಗುವುದಿಲ್ಲ. 1968ರ ಕಳ್ಳತನದ ಕಾಯ್ದೆಯಲ್ಲೇ ಬರೆದಿದೆ: ತಾನಾಗಿ ಬೆಳೆದ ಗಿಡದ ಹಣ್ಣು, ಹೂವು, ಅಣಬೆ ಕೀಳುವುದು ಕಳ್ಳತನವಲ್ಲ, ಮಾರಾಟಕ್ಕೆ ಅಲ್ಲದಿದ್ದರೆ. ಸೆಪ್ಟೆಂಬರಿನಲ್ಲಿ ಬೇಲಿ ಸಾಲಿನ ಬ್ಲ್ಯಾಕ್‌ಬೆರಿ. ಅದನ್ನು ಬಗ್ಗಿ ಕೀಳಬೇಕಿಲ್ಲ, ಆದರೆ ಮುಳ್ಳು. ಸೆಪ್ಟೆಂಬರ್ 29ರ ಮಿಕಲ್‌ಮಸ್ ಹಬ್ಬ ಆದ ಮೇಲೆ ಅದನ್ನು ಮುಟ್ಟಬಾರದಂತೆ, ಸೈತಾನ ಅದರ ಮೇಲೆ ಉಗುಳಿರುತ್ತಾನಂತೆ. ನಿಜವಾಗಿಯೂ ಅಷ್ಟು ಹೊತ್ತಿಗೆ ಹಣ್ಣು ನೀರುನೀರಾಗಿ ಬೂಷ್ಟು ಹಿಡಿಯುತ್ತದೆ. ಇಲ್ಲಿಯ ಅಜ್ಜಿಯರಿಗೂ ನಮ್ಮ ಅಜ್ಜಿಯರ ಬುದ್ಧಿಯೇ: ಕಾರಣ ಹೇಳಿದರೆ ಮಕ್ಕಳು ಕೇಳುವುದಿಲ್ಲ, ಹೆದರಿಸಿದರೆ ಕೇಳುತ್ತಾರೆ.

ದನ ನೋಡುವುದು ಅಂದೆನಲ್ಲ, ಅದು ಯಂಗ್ ಫಾರ್ಮರ್ಸ್ ಕ್ಲಬ್ ಕತೆ. ಈ ಕ್ಲಬ್ಬುಗಳು 1921ರಲ್ಲಿ ಡೆವನ್‌ನ ಹೆಮಿಯಾಕ್ ಎಂಬ ಹಳ್ಳಿಯಲ್ಲಿ ಶುರುವಾದವು. ಹಾಲಿನ ಕಂಪನಿಯೊಂದು ಅಲ್ಲಿಯ ಮಕ್ಕಳಿಗೆ ಸಾಕೋಕೆ ಕರು ಕೊಟ್ಟಿತ್ತು. ಈಗ ದೇಶದ ತುಂಬ ಇವೆ. 10ರಿಂದ 28 ವರ್ಷದವರು ಸೇರಬಹುದು, ರೈತರ ಮಕ್ಕಳೇ ಆಗಬೇಕೆಂದಿಲ್ಲ. ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳು ಎಳೆದುಕೊಂಡು ಹೋದಳು. ಹಳ್ಳಿ ಹಾಲ್‌ನಲ್ಲಿ ಸಭೆ, ಪ್ಲಾಸ್ಟಿಕ್ ಕುರ್ಚಿ, ಬಿಸ್ಕತ್ತು. ಹಗ್ಗಜಗ್ಗಾಟ, ನಾಟಕ, ಭಾಷಣ ಸ್ಪರ್ಧೆ, ಕೇಕು ಸ್ಪರ್ಧೆ, ಎಲ್ಲ ಉಂಟು. ನನಗೆ ಹಿಡಿಸಿದ್ದು ದನದ ತೀರ್ಪು. ನಾಲ್ಕು ದನ ನಿಲ್ಲಿಸಿರುತ್ತಾರೆ. ಅವಕ್ಕೆ ಎ, ಬಿ, ಎಕ್ಸ್, ವೈ ಅಂತ ಹೆಸರು. ನೋಡಿ, ಯಾವುದು ಮೊದಲು, ಯಾವುದು ಕೊನೆ ಅಂತ ಬರೆಯಬೇಕು. ಆಮೇಲೆ ತೀರ್ಪುಗಾರರ ಎದುರು ನೆಟ್ಟಗೆ ನಿಂತು, ಯಾಕೆ ಹಾಗೆ ಅಂತ ಹೇಳಬೇಕು. ದನ ತಪ್ಪಿದರೂ ವಾದ ಚೆನ್ನಾಗಿದ್ದರೆ ಅಂಕ ಸಿಗುತ್ತದೆ.

ನಾನು ತಾತನ ಜೊತೆ ಸಿದ್ಧಗಂಗೆ ದನದ ಜಾತ್ರೆಗೆ ಹೋಗಿ ಬೆಳೆದವಳು. ತಾತ ಹಳ್ಳಿಕಾರ್ ಎತ್ತಿನ ಹಲ್ಲು ನೋಡಿ, ಕೊಂಬು ನೋಡಿ, ನಡೆಸಿ ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರು. ಇಲ್ಲಿಯ ಹೆರೆಫರ್ಡ್ ದನ ಮಾಂಸಕ್ಕೆ ಸಾಕುವಂಥದ್ದು. ಕೆಂಪು ಮೈ, ಬಿಳಿ ಮುಖ, ಕುಳ್ಳ ಕಾಲು, ಅಗಲ ಬೆನ್ನು. ತಾತ ನೋಡಿದ್ದರೆ "ಇದು ಗಾಡಿ ಎಳೆಯುತ್ತಾ?" ಅನ್ನುತ್ತಿದ್ದರು. ನಾನು ಮಾತ್ರ ಕಾಲಿನಿಂದಲೇ ಶುರು ಮಾಡುತ್ತೇನೆ, ಹೇಗೆ ನಿಂತಿದೆ, ಹೇಗೆ ಹೆಜ್ಜೆ ಇಡುತ್ತದೆ ಅಂತ. ಈ ಹುಡುಗರು ಬೆನ್ನು, ತೊಡೆ ನೋಡುತ್ತಾರೆ. ಕಾಲು ಸರಿಯಿಲ್ಲದ ದನಕ್ಕೆ ಯಾವ ದೇಶದಲ್ಲೂ ಬೆಲೆಯಿಲ್ಲ ಅಂತ ಒಮ್ಮೆ ತೀರ್ಪುಗಾರರಿಗೇ ಹೇಳಿದೆ. ಅವರು ತಲೆಯಾಡಿಸಿದರು. ಅವತ್ತಿನಿಂದ ಕ್ಲಬ್ಬಿನಲ್ಲಿ ನನ್ನ ಹೆಸರು ಸರಿಯಾಗಿ ಉಚ್ಚರಿಸುತ್ತಾರೆ. ಅದಕ್ಕೂ ಮುಂಚೆ ಯಾರೂ ಕೆಟ್ಟದಾಗಿ ನಡೆದುಕೊಂಡಿದ್ದರು ಅಂತಲ್ಲ. ದೂರದಿಂದ ನಗುತ್ತಿದ್ದರು, ಹವಾಮಾನ ಮಾತಾಡುತ್ತಿದ್ದರು. ಮಾತಾಡೋಕೆ ಒಂದು ಕೆಲಸ ಬೇಕಿತ್ತು, ಅಷ್ಟೆ.

ಪಬ್ ಬಗ್ಗೆ ಚಿಕ್ಕಮ್ಮನಿಗೆ ಆತಂಕ ಜಾಸ್ತಿ. ನಮ್ಮೂರಿನ ಬಾರ್ ಅಲ್ಲ ಅದು. ನಾಯಿಗಳು ಬೆಂಕಿಗೂಡಿನ ಮುಂದೆ ಮಲಗಿರುತ್ತವೆ, ಮಕ್ಕಳು ಚಿಪ್ಸ್ ತಿನ್ನುತ್ತಿರುತ್ತಾರೆ. ನಾನು ಲೈಮ್ ಸೋಡಾ ಕುಡಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಗೊತ್ತಿರಬೇಕಾದ ನಿಯಮ ಒಂದೇ: ಒಬ್ಬರು ಮೇಜಿನವರಿಗೆಲ್ಲ ತಂದುಕೊಟ್ಟರೆ ಮುಂದಿನ ಸರದಿ ನಿಮ್ಮದು. ಕ್ವಿಜ್‌ನಲ್ಲಿ ಎಂಬತ್ತರ ದಶಕದ ಬ್ರಿಟಿಷ್ ಟಿವಿ ಬಗ್ಗೆ ಕೇಳಿದರೆ ನಾನು ಚಿಪ್ಸ್ ಕಡೆ ಗಮನ ಕೊಡುತ್ತೇನೆ. ಕ್ರಿಕೆಟ್ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ.

ಥಿಯೇಟರ್ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ರೈಲಿನಲ್ಲಿ ಶ್ರೂಸ್‌ಬರಿಗೆ ಹೋದರೆ ಊರ ನಡುವಿನ ಹಳೆ ಮಾರ್ಕೆಟ್ ಹಾಲ್‌ನಲ್ಲೇ ಸಿನಿಮಾ ನೋಡಬಹುದು. ಆ ಕಟ್ಟಡ 1596ರದ್ದು. ಉಣ್ಣೆ ಬಟ್ಟೆ ವ್ಯಾಪಾರಕ್ಕೆ ಕಟ್ಟಿದ್ದು, 2004ರಿಂದ ಅಲ್ಲಿ ಸಿನಿಮಾ. ಒಂದೇ ಪುಟ್ಟ ಪರದೆ. ವಾಪಸ್ ರೈಲು ನೋಡಿಕೊಂಡು ಶೋ ಆರಿಸಬೇಕು.

ಬೋರ್ ಆಗುವುದೇ ಇಲ್ವಾ? ಆಗುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೆ ಬೆಳಕು, ಕೆಲಸ ಮುಗಿಸಿ ಬಂದು ಒಂದು ಸುತ್ತು ನಡೆದು ಬರಬಹುದು. ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆದರೂ ಡಿಸೆಂಬರ್ ಹೇಗೋ ಕಳೆಯುತ್ತದೆ. ಕ್ಲಬ್ಬಿನ ಹುಡುಗರು ಟ್ರ್ಯಾಕ್ಟರುಗಳಿಗೆ ಸೀರಿಯಲ್ ಲೈಟ್ ಸುತ್ತಿ ಹಳ್ಳಿಹಳ್ಳಿಗೆ ಮೆರವಣಿಗೆ ಹೋಗುತ್ತಾರೆ. ಹಾರನ್ ಹೊಡೆದು ಚಂದಾ ಎತ್ತುತ್ತಾರೆ, ಕೇರ್ ಹೋಮಿನವರೆಲ್ಲ ಕಿಟಕಿಗೆ ಬರುತ್ತಾರೆ. ಜನವರಿ, ಫೆಬ್ರವರಿಯೇ ಕಷ್ಟ. ದಾರಿಯೆಲ್ಲ ಕೆಸರು, ನೋಡೋಕೆ ಒಂದು ಹಣ್ಣಿಲ್ಲ, ಕತ್ತಲೆ. ಇಲ್ಲಿಯ ಎಷ್ಟೋ ಹುಡುಗ ಹುಡುಗಿಯರು ಕಾಲೇಜಿಗೆ ಅಂತ ಬರ್ಮಿಂಗ್‌ಹ್ಯಾಮ್‌ಗೋ ಮ್ಯಾಂಚೆಸ್ಟರ್‌ಗೋ ಹೋದವರು ತಿರುಗಿ ಬರುವುದಿಲ್ಲ. ಮನೆಗಳನ್ನು ನಿವೃತ್ತರಾದವರು ಕೊಳ್ಳುತ್ತಾರೆ, ಬಾಡಿಗೆ ಏರುತ್ತದೆ. ನಮ್ಮ ಹಳ್ಳಿಗಳ ಕತೆಯೇ, ಬೆಲೆಯಷ್ಟೆ ಪೌಂಡಿನಲ್ಲಿ. ಅವರಿಗೆ ಬೋರ್ ಆಯ್ತು ಅಂದರೆ ನಾನು ತಪ್ಪು ಹೇಳುವುದಿಲ್ಲ. ಹದಿನೇಳು ವರ್ಷದ ಹುಡುಗನಿಗೆ ಸಂಜೆ ಬಸ್ಸಿಲ್ಲದ ಊರು ಬೇರೆ, ಬೇಕಂತ ಬಂದು ಇರುವ ನನಗೆ ಬೇರೆ.

ಜನವರಿಯಲ್ಲಿ ನಾನು ಮಾಡುವುದು ಇಷ್ಟೆ: ಸಿಕ್ಕಷ್ಟು ಹೆಚ್ಚುವರಿ ಶಿಫ್ಟ್ ತಗೊಳ್ಳುತ್ತೇನೆ. ಆ ದುಡ್ಡು ಡ್ರೈವಿಂಗ್ ಕ್ಲಾಸಿಗೆ ಹೋಗುತ್ತದೆ. ಇಲ್ಲಿ ಪರೀಕ್ಷೆ ಪಾಸಾಗುವುದಕ್ಕಿಂತ ಪರೀಕ್ಷೆಗೆ ತಾರೀಖು ಸಿಗುವುದು ಕಷ್ಟ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.