ಬರೀತಿದ್ದೆ, ಅಳಿಸ್ತಿದ್ದೆ

"ಏನ್ ಕೆಲ್ಸ ಮಾಡ್ತಿದ್ರಿ ಅಜ್ಜಿ? ಬೆರಳಲ್ಲಿ ಗೆರೆನೇ ಇಲ್ವಲ್ಲ!"

"ಬರೀತಿದ್ದೆ, ಅಳಿಸ್ತಿದ್ದೆ ಕಣಪ್ಪ."

ಮಂಗಳವಾರ ಹಾಸನದ ಬ್ಯಾಂಕೊಂದರಲ್ಲಿ ಆದ ಮಾತು ಇಷ್ಟೇ. ಕೇಳಿದ್ದು ಕೌಂಟರಿನ ಹುಡುಗ, ಹೇಳಿದ್ದು ನನ್ನಮ್ಮ. ನಾಲ್ಕು ದಿನ ಆಯಿತು, ಪಾತ್ರೆ ತೊಳೆಯುವಾಗಲೂ ಅದೇ ಕಿವಿಯಲ್ಲಿದೆ.

ನವೆಂಬರ್ ಬಂತೆಂದರೆ ಪಿಂಚಣಿಯವರೆಲ್ಲ ತಾವು ಬದುಕಿದ್ದೇವೆ ಅಂತ ತೋರಿಸಬೇಕಲ್ಲ. ಅಮ್ಮನಿಗೆ ಈಗ 77. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಾಳೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಕೊಂಡು ಬಂದಿದ್ದಳು. ಹೆಬ್ಬೆರಳು ಇಟ್ಟಳು. ಮೆಷಿನ್ ಹಿಡಿಯಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ತೋರುಬೆರಳು, ನಡುಬೆರಳು, ಆಮೇಲೆ ಎಡಗೈ. ಹತ್ತೂ ಬೆರಳು ಆದವು. ಹಿಂದೆ ನಿಂತವರು ಗೊಣಗತೊಡಗಿದರು. ಪ್ರತಿ ಸಲವೂ ಅಮ್ಮ "ಸಾರಿ ಕಣಪ್ಪ" ಅನ್ನುತ್ತಿದ್ದಳು. ನನಗೆ ಸಿಟ್ಟು ಬಂದದ್ದು ಆ "ಸಾರಿ"ಗೆ. ಹುಡುಗ ಪಾಪ ಒಳ್ಳೆಯವನು, ಒದ್ದೆ ಬಟ್ಟೆ ತಂದು ತಾನೇ ಅವಳ ಬೆರಳು ಒರೆಸಿದ. ಆಗಲೇ ಅವನು ಹಾಗೆ ಕೇಳಿದ್ದು.

ಬರೀತಿದ್ದೆ, ಅಳಿಸ್ತಿದ್ದೆ.

37 ವರ್ಷ ಪ್ರೈಮರಿ ಸ್ಕೂಲ್ ಟೀಚರ್. 2006ರಲ್ಲಿ ರಿಟೈರ್ ಆದಳು, ಆಗ 58ಕ್ಕೇ ಮನೆಗೆ ಕಳಿಸುತ್ತಿದ್ದರು. ನಾನೂ ಎರಡು ವರ್ಷ ಅವಳ ಕ್ಲಾಸಿನಲ್ಲಿ ಕೂತಿದ್ದೆ. ಟೇಬಲ್ಲಿನ ಮೇಲೆ ಡಸ್ಟರ್ ಇರುತ್ತಿತ್ತು, ಅಮ್ಮ ಜಾಸ್ತಿ ಮುಟ್ಟುತ್ತಿರಲಿಲ್ಲ. ಬೋರ್ಡಿಗೆ ಕರೆದ ಮಗು "ದಿನ" ಬರೆಯುವ ಕಡೆ "ದೀನ" ಅಂತ ಬರೆದರೆ, ದೀರ್ಘವನ್ನಷ್ಟೇ ಬೆರಳ ತುದಿಯಿಂದ ಒರೆಸುತ್ತಿದ್ದಳು. "ನೋಡು, ಮಿಕ್ಕಿದ್ದೆಲ್ಲ ಸರಿಯಾಗೇ ಬರೆದಿದೀಯ" ಅನ್ನುತ್ತಿದ್ದಳು. ಇಡೀ ಪದ ಅಳಿಸಿದರೆ ಮಗುವಿನ ಮುಖ ಸಣ್ಣದಾಗುತ್ತೆ ಅನ್ನುವುದು ಅವಳ ಲೆಕ್ಕ. ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯಲ್ಲೆಲ್ಲ ಸೀಮೆಸುಣ್ಣ.

ವಯಸ್ಸಾದ ಮೇಲೆ ಚರ್ಮ ತೆಳ್ಳಗಾಗಿ ಹೀಗಾಗುತ್ತೆ, ದಿನಾ ಇಂಥವರು ಬರ್ತಾರೆ ಅಂತ ಹುಡುಗ ನನಗೆ ಹೇಳಿದ. ಇರಬಹುದು. ಆದರೆ ಆ ಬೆರಳುಗಳ ಲೆಕ್ಕ ನನ್ನ ಹತ್ತಿರ ಬೇರೆಯೇ ಇದೆ. ಅಪ್ಪ ಹೋದಾಗ ನನಗೆ 11, ಅಣ್ಣನಿಗೆ 14, ತಂಗಿ ಇನ್ನೂ ಅಂಗನವಾಡಿ. ಅಮ್ಮ ಸ್ಕೂಲಿನಿಂದ ಬಂದು ಮುದ್ದೆ ತಿರುವಿ, ನಮ್ಮ ಯೂನಿಫಾರಂ ಒಗೆದು ಹಾಕಿ, ಎಂಟಕ್ಕೆ ಎಲ್ಲರನ್ನೂ ಜಪಸರಕ್ಕೆ ಕೂರಿಸುತ್ತಿದ್ದಳು. ನಮಗೆ ತೂಕಡಿಕೆ. ಅವಳ ಬೆರಳು ಮಾತ್ರ ಒಂದೊಂದೇ ಮಣಿ ದಾಟುತ್ತಿತ್ತು. ಶನಿವಾರ ಬಂದರೆ ಚರ್ಚಿನ ಪೂಜಾಪೀಠದ ಬಟ್ಟೆಗಳು ನಮ್ಮ ಮನೆಗೆ. ಅದರ ಮೇಲೆ ಬಿದ್ದ ಮೇಣವನ್ನು ಉಗುರಿನಲ್ಲೇ ಕೆರೆದು ತೆಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುತ್ತಿದ್ದಳು. ಈಗಲೂ ಮಾಡುತ್ತಾಳೆ. ಅಣ್ಣ ಬೆಂಗಳೂರಿನಿಂದ "ಸಾಕು ಬಿಡಮ್ಮ, ರೆಸ್ಟ್ ತಗೋ" ಅನ್ನುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಭಾನುವಾರ ಅವಳು ಪೂಜೆಯಲ್ಲಿರುವ ಹೊತ್ತಿಗೇ ಫೋನ್ ಮಾಡುತ್ತಾನೆ. ಆ ಹೊತ್ತು ಯಾವುದು ಅಂತ ಅವನಿಗೆ ನೆನಪಿರಬೇಕಿತ್ತು.

ಅಮ್ಮನಿಗೆ ಜ್ಞಾನಸ್ನಾನ, ಅಂದರೆ ಬ್ಯಾಪ್ಟಿಸಮ್, ಆದದ್ದು ಶೆಟ್ಟಿಹಳ್ಳಿ ಚರ್ಚಿನಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಗುಡಿ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದ ಮೇಲೆ ಮಳೆಗಾಲದಲ್ಲಿ ನೀರು ಅದರೊಳಗೇ ನುಗ್ಗುತ್ತದೆ. ಈಗ ಜನ ಫೋಟೊ ತೆಗೆಯಲು ಬರುತ್ತಾರೆ. ಅಮ್ಮ ಮಾತ್ರ "ಅಲ್ಲಿ ನಾವು ಮಂಡಿಯೂರ್ತಿದ್ವಿ" ಅಂತ ಜಾಗ ತೋರಿಸುತ್ತಾಳೆ. ಆಗ ಪೂಜೆ ಲ್ಯಾಟಿನ್ ಭಾಷೆಯಲ್ಲಿ. 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಮಹಾಸಭೆ ಆದಮೇಲೆ ಕನ್ನಡಕ್ಕೆ ಬಂತು. "ಏನ್ ಹೇಳ್ತಿದೀನಿ ಅಂತ ಗೊತ್ತಾಗಿದ್ದು ಆಮೇಲೇ ಕಣೇ" ಅನ್ನುತ್ತಾಳೆ. ಅದಕ್ಕೇ ಇರಬೇಕು, ಚರ್ಚಿನಲ್ಲಿ ಅವಳ ಹತ್ತಿರ ಜ್ಞಾನೋಪದೇಶದ ಪಾಠಕ್ಕೆ ಬರುವ ಮಕ್ಕಳಿಗೆ "ನಮೋ ಮರಿಯಾ" ಪ್ರಾರ್ಥನೆಯನ್ನು ಗಿಣಿಪಾಠ ಮಾಡಿಸುವುದಿಲ್ಲ. ಒಂದೊಂದು ಪದ ಬಿಡಿಸಿ ಹೇಳಿ, ಆಮೇಲೆ ಮುಂದಕ್ಕೆ. ಮಕ್ಕಳು ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ಹೊತ್ತಿಗೆ ಕೆಲವು ತಾಯಂದಿರಿಗೆ ಅವಸರ. ಅಮ್ಮನಿಗೆ ಅವಸರವೇ ಇಲ್ಲ.

ಬ್ಯಾಂಕಿಗೆ ಹೋಗುವ ಎರಡು ದಿನ ಮುಂಚೆ ನವೆಂಬರ್ 2, ಮೃತರ ಸ್ಮರಣೆಯ ದಿನ. ಈ ಸಲ ಭಾನುವಾರವೇ ಬಂತು. ಅಪ್ಪನ ಸಮಾಧಿಗೆ ಸೇವಂತಿಗೆ ಇಟ್ಟು ಮೇಣದಬತ್ತಿ ಹಚ್ಚಿದೆವು. ಕಲ್ಲಿನ ಮೇಲಿನ ಹೆಸರಿನಲ್ಲಿ ಪಾಚಿ ಕೂತಿತ್ತು. ಅಮ್ಮ ಬಗ್ಗಿ, ಒಂದೊಂದು ಅಕ್ಷರದೊಳಗೂ ಬೆರಳು ಆಡಿಸಿ ಪಾಚಿ ತೆಗೆದಳು. ಪಕ್ಕದ ಸಮಾಧಿಗೆ ಯಾರೂ ಬಂದಿರಲಿಲ್ಲ. ಅದಕ್ಕೂ ಒಂದು ಬತ್ತಿ ಹಚ್ಚಿದಳು. ಅಲ್ಲಿ ಅಷ್ಟೆಲ್ಲ ಮಾಡಿದ ಬೆರಳು ಮಂಗಳವಾರ ಅವಳದ್ದೇ ಅಂತ ಸಾಬೀತಾಗಲಿಲ್ಲ ನೋಡಿ.

ಕೊನೆಗೆ ಹುಡುಗ ಮೊಬೈಲ್ ಎತ್ತಿ ಹಿಡಿದ. "ಮುಖದಲ್ಲೇ ಮಾಡೋಣ ಅಜ್ಜಿ. ಇಲ್ನೋಡಿ, ಕಣ್ಣು ಮಿಟುಕಿಸಿ." ಅಮ್ಮ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಬಿಟ್ಟಳು, ಪ್ರಾರ್ಥನೆಗೆ ಮುಚ್ಚುವ ಹಾಗೆ. "ಬಿಡಿ ಅಜ್ಜಿ, ಬಿಡಿ, ಸುಮ್ನೆ ಮಿಟುಕಿಸಿ ಸಾಕು." ಎರಡನೇ ಸಲಕ್ಕೆ ಆಯಿತು.

ಬಾಗಿಲ ಹತ್ತಿರ ಒಂದು ಬಿಳಿ ಬೋರ್ಡು. ನೀಲಿ ಮಾರ್ಕರಿನಲ್ಲಿ "ಹಿರಿಯ ನಾಗರೀಕರಿಗೆ ಇಲ್ಲಿ" ಅಂತ ಬರೆದಿದ್ದರು. ಅಮ್ಮ ನಿಂತಳು. ಒಮ್ಮೆ ಹಿಂದೆ ನೋಡಿದಳು, ಹುಡುಗ ಕೆಲಸದಲ್ಲಿದ್ದ. ಬೆರಳ ತುದಿಯಿಂದ ಆ ದೀರ್ಘವನ್ನಷ್ಟೇ ಒರೆಸಿ, ನನ್ನ ಕೈ ಹಿಡಿದು ಮೆಟ್ಟಿಲು ಇಳಿದಳು.