ಎರಡನೇ ಗೆಳತಿಯ ಊರುಗಳು

ಮೆಲ್ಬರ್ನ್‌ನ ಕ್ಯಾರಮ್ ಸ್ಟೇಷನ್‌ನ ಪ್ಲಾಟ್‌ಫಾರಂ ಎತ್ತರದಲ್ಲಿದೆ. ಅಲ್ಲಿಂದಲೇ ಸಮುದ್ರ ಕಾಣುತ್ತದೆ. ನಮ್ಮ ಜೊತೆ ರೈಲಿನಿಂದ ಇಳಿದವರೆಲ್ಲ ಮರಳಿನ ಕಡೆ ಹೋದರು. ನಾನು, ಮಗಳು ಸಮುದ್ರಕ್ಕೆ ಬೆನ್ನು ಹಾಕಿ ಒಳಗಿನ ಬೀದಿಗಳತ್ತ ನಡೆದೆವು. ನಮಗೆ ಬೇಕಿದ್ದದ್ದು ಪ್ಯಾಟರ್ಸನ್ ಲೇಕ್ಸ್ ಎಂಬ ಬಡಾವಣೆ, ಅಲ್ಲಿ ಮೊದಲಿದ್ದ ಒಂದು ಮನೆಯ ಜಾಗ.

2002ರಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿಯಲ್ಲಿ ಶುರುವಾದ ‘ಕ್ಯಾತ್ ಆ್ಯಂಡ್ ಕಿಮ್’ ಎಂಬ ಹಾಸ್ಯ ಧಾರಾವಾಹಿಯನ್ನು ಚಿತ್ರೀಕರಿಸಿದ ಮನೆ ಅದು. ಕಥೆಯಲ್ಲಿ ಈ ಊರಿಗೆ ಫೌಂಟನ್ ಲೇಕ್ಸ್ ಅಂತ ಹೆಸರು. ಅಂಥ ಊರು ನಿಜಕ್ಕೂ ಎಲ್ಲೂ ಇಲ್ಲ. ಮನೆಯನ್ನು ಈಗ ಕೆಡವಿದ್ದಾರೆ. ನಾವು ಬೀದಿಯ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಸುತ್ತ ಜನ ವಾಸವಾಗಿರುವ ಮನೆಗಳು. ಹಿಂದೆ ಕಾಲುವೆ, ಕಾಲುವೆಗೆ ಕಟ್ಟಿದ ಪುಟ್ಟ ದೋಣಿಗಳು. ಕ್ಯಾಮೆರಾ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಬೇರೆಯವರ ಅಂಗಳ ಅಲ್ವಾ.

ಮಗಳು ಮೆಲ್ಬರ್ನ್‌ನಲ್ಲಿ ನರ್ಸ್. ಹೋದ ಹೊಸದರಲ್ಲಿ ಅಲ್ಲಿನ ರೋಗಿಗಳ ಇಂಗ್ಲಿಷ್ ಅವಳ ಕಿವಿಗೆ ಹತ್ತುತ್ತಿರಲಿಲ್ಲ. ಮಾತು ಮೂಗಿನಿಂದ ಬರುತ್ತದೆ, ಅರ್ಧ ಪದ ನುಂಗಿ ಹೋಗುತ್ತದೆ. ಈ ಧಾರಾವಾಹಿ ನೋಡು, ಎರಡು ವಾರದಲ್ಲಿ ಕಿವಿ ಪಳಗುತ್ತದೆ ಎಂದು ಜೊತೆಗೆ ಕೆಲಸ ಮಾಡುವವರು ಹೇಳಿದರಂತೆ. ಅವಳು ನೋಡಿದಳು. ರಜೆಗೆ ಹಾಸನಕ್ಕೆ ಬಂದಾಗ ನನಗೂ ತೋರಿಸಿದಳು. ತಾಯಿ ಕ್ಯಾತ್ ಆಗಿ ಜೇನ್ ಟರ್ನರ್, ಮಗಳು ಕಿಮ್ ಆಗಿ ಜೀನಾ ರೈಲಿ. ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ಆದರೆ ನನ್ನ ಮನಸ್ಸಿನಲ್ಲಿ ನಿಂತವಳು ಶರಾನ್.

ಶರಾನ್ ಸ್ಟ್ರೆಜ್ಲೆಕಿ ಕಿಮ್‌ಳ ಗೆಳತಿ. ಮೊದಲನೇ ಗೆಳತಿ ಅಲ್ಲ, ಎರಡನೇ ಗೆಳತಿ. ಕಿಮ್ ಅದನ್ನು ಅವಳ ಮುಖಕ್ಕೇ ಹೇಳುತ್ತಾಳೆ. ಶರಾನ್‌ಗೆ ನೆಟ್‌ಬಾಲ್ ಅಂದರೆ ಪ್ರಾಣ. ಯಾವಾಗಲೂ ಆಟದ ಬಟ್ಟೆ, ಯಾವಾಗಲೂ ಎಲ್ಲೋ ಒಂದು ಪಟ್ಟಿ, ಎಲ್ಲೋ ಒಂದು ಗಾಯ. ಕರೆದಾಗ ಬರುತ್ತಾಳೆ, ಬೈದರೂ ಬರುತ್ತಾಳೆ. ಇಂಥವಳನ್ನು ಪ್ರತಿ ಮದುವೆ ಮನೆಯಲ್ಲೂ ನೋಡಿದ್ದೇನೆ. ಎಲೆ ಹಾಕುವವಳು ಅವಳೇ, ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುವವಳೂ ಅವಳೇ. ಅವಳನ್ನು ನೋಡಿ ನಕ್ಕಿದ್ದೇನೆ. ಆದರೆ ನಗುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಈ ಪಾತ್ರ ಮಾಡಿದ ಹೆಂಗಸು ಯಾರು, ಅವರಿಗೆ ಇದೆಲ್ಲ ಹೇಗೆ ಗೊತ್ತು ಎಂಬ ಪ್ರಶ್ನೆ ಹುಟ್ಟಿದ್ದು ಆಗಲೇ. ಅವರ ಹೆಸರು ಮ್ಯಾಗ್ಡಾ ಶುಬಾನ್‌ಸ್ಕಿ. 2025ರ ಏಪ್ರಿಲ್‌ನಲ್ಲಿ ಮಗಳ ಮನೆಗೆ ಹೋದಾಗ ಅವರ ಊರುಗಳನ್ನು ನೋಡಬೇಕು ಅಂತ ನಾನೇ ಹಟ ಮಾಡಿದೆ.

ಕ್ಯಾರಮ್‌ಗೆ ಹೋದ ಮರುದಿನ ಶನಿವಾರ. ಲಿಲಿಡೇಲ್ ರೈಲು ಹಿಡಿದು ಕ್ರಾಯ್ಡನ್‌ಗೆ ಹೋದೆವು. ಮೆಲ್ಬರ್ನ್‌ನ ಪೂರ್ವಕ್ಕಿರುವ ಬಡಾವಣೆ. ದೂರದಲ್ಲಿ ಡ್ಯಾಂಡೆನಾಂಗ್ ಬೆಟ್ಟಗಳು ನೀಲಿಯಾಗಿ ಕಾಣುತ್ತವೆ. ಏಪ್ರಿಲ್ ಅಲ್ಲಿ ಎಲೆ ಉದುರುವ ಕಾಲ. ಮುಖ್ಯ ಬೀದಿಯ ಮರಗಳು ಕೆಂಪಾಗಿದ್ದವು. ಪ್ರವಾಸಿಗಳು ಬರುವ ಜಾಗವಲ್ಲ. ಬೇಕರಿ, ಔಷಧಿ ಅಂಗಡಿ, ನಾಯಿ ಹಿಡಿದು ನಡೆಯುವ ಅಜ್ಜಂದಿರು.

ಮ್ಯಾಗ್ಡಾ ಹುಟ್ಟಿದ್ದು 1961ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಐದು ವರ್ಷದ ಮಗುವಾಗಿದ್ದಾಗ ಕುಟುಂಬ ಆಸ್ಟ್ರೇಲಿಯಾಕ್ಕೆ ಬಂತು. ಬೆಳೆದದ್ದು ಈ ಕ್ರಾಯ್ಡನ್‌ನಲ್ಲಿ. ತಾಯಿ ಸ್ಕಾಟ್ಲೆಂಡಿನವರು. ತಂದೆ ಪೋಲೆಂಡಿನ ವಾರ್ಸಾದವರು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ವಾರ್ಸಾವನ್ನು ಹಿಡಿದಿದ್ದಾಗ ಆ ಮನೆಯವರು ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದರು. ತಂದೆ ಹುಡುಗನಾಗಿದ್ದಾಗಲೇ ಭೂಗತ ಹೋರಾಟ ಸೇರಿದರು. ನಾಜಿಗಳಿಗೆ ಸುಳಿವು ಕೊಡುವ ದ್ರೋಹಿಗಳನ್ನು ಕೊಲ್ಲುವುದು ಅವರ ತಂಡದ ಕೆಲಸ. 1944ರ ವಾರ್ಸಾ ದಂಗೆಯಲ್ಲೂ ಅವರಿದ್ದರು. ಸೆರೆ ಸಿಕ್ಕರು, ಬದುಕಿ ಬಂದರು. ಆಮೇಲೆ ಇಲ್ಲಿ, ಈ ಸುಮ್ಮನಿರುವ ಬೀದಿಗಳ ನಡುವೆ, ಮಕ್ಕಳನ್ನು ಬೆಳೆಸಿದರು. ಅಪ್ಪ ಕಂಡದ್ದರ ನೆರಳು ಮಗಳ ಮೇಲೂ ಬಿತ್ತು. ಅದನ್ನು 2015ರಲ್ಲಿ ಮ್ಯಾಗ್ಡಾ ತಮ್ಮ ಆತ್ಮಕಥೆಯಲ್ಲಿ ಬಿಚ್ಚಿ ಬರೆದರು. ಆ ಪುಸ್ತಕ ಓದಿದ ಮೇಲೆ ನನಗೆ ಶರಾನ್‌ಳ ನಗು ಬೇರೆ ಥರ ಕೇಳಿಸಿತು. ಶರಾನ್‌ಳ ಮನೆಹೆಸರೂ ಪೋಲೆಂಡಿನದೇ ಎಂಬುದು ಹೊಳೆದದ್ದೂ ಆಗಲೇ.

ಒಂದು ಮೈದಾನದಲ್ಲಿ ಹುಡುಗಿಯರು ನೆಟ್‌ಬಾಲ್ ಆಡುತ್ತಿದ್ದರು. ಒಂದು ತಂಡಕ್ಕೆ ಏಳು ಜನ. ಯಾರ ಜಾಗ ಯಾವುದು ಅಂತ ಎದೆಯ ಮೇಲೆ ಅಕ್ಷರ. ಚೆಂಡು ಕೈಗೆ ಬಂದ ಮೇಲೆ ಓಡುವ ಹಾಗಿಲ್ಲ, ಬೇರೆಯವರಿಗೆ ಎಸೆಯಲೇಬೇಕು. ಒಬ್ಬಳು ಗುಂಡುಗುಂಡಗಿನ ಹುಡುಗಿ ಬಿದ್ದು ಮೊಣಕಾಲು ತರಚಿಕೊಂಡಳು. ಎದ್ದಳು, ಲಂಗಕ್ಕೆ ಕೈ ಒರೆಸಿಕೊಂಡಳು, ಓಡಿದಳು. ಆಟ ಮುಗಿಯುವವರೆಗೂ ನಾವು ಅಲ್ಲೇ ಕೂತೆವು.

ಭಾನುವಾರ ನಗರದೊಳಗೆ ತಿರುಗಾಟ. ಮೆಲ್ಬರ್ನ್ ಟೌನ್‌ಹಾಲ್ ಮುಂದೆ ಜನವೋ ಜನ. 1987ರಲ್ಲಿ ಶುರುವಾದ ಹಾಸ್ಯೋತ್ಸವದ ಕೊನೆಯ ದಿನಗಳು. ಸ್ವಾನ್‌ಸ್ಟನ್ ಬೀದಿಯ ಟ್ರಾಮ್ ಹತ್ತಿ ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ ಹೋದೆವು. 1985ರಲ್ಲಿ ಇಲ್ಲಿನ ವಿದ್ಯಾರ್ಥಿಗಳ ಹಾಸ್ಯ ಪ್ರದರ್ಶನದಲ್ಲಿ ಮ್ಯಾಗ್ಡಾ ಇದ್ದರು. ಎಬಿಸಿಯವರು ಅದನ್ನು ನೋಡಿ ಟಿವಿಗೆ ಕರೆದುಕೊಂಡರು. 1989ರಿಂದ ‘ಫಾಸ್ಟ್ ಫಾರ್ವರ್ಡ್’ ಎಂಬ ಕಾರ್ಯಕ್ರಮ ಅವರನ್ನು ಮನೆಮಾತಾಗಿಸಿತು. ತೊಂಬತ್ತರ ದಶಕದಲ್ಲಿ ಟರ್ನರ್, ರೈಲಿ, ಮ್ಯಾಗ್ಡಾ ಮೂವರೂ ಸೇರಿ ತಮ್ಮದೇ ಕಾರ್ಯಕ್ರಮ ಮಾಡಿದರು. ಕ್ಯಾತ್, ಕಿಮ್ ಬಂದದ್ದು ಅಲ್ಲಿಂದ.

ಟ್ರಾಮ್ ಸ್ಟೇಟ್ ಲೈಬ್ರರಿಯ ಹುಲ್ಲುಹಾಸಿನ ಮುಂದೆ ಹಾದುಹೋಗುತ್ತದೆ. 2017ರ ನವೆಂಬರ್‌ನಲ್ಲಿ ಜನ ಅಲ್ಲಿ ಸೇರಿ ಒಂದು ಫಲಿತಾಂಶಕ್ಕೆ ಕಾದಿದ್ದರಂತೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಲು ಕಾನೂನು ಬೇಕೇ ಎಂದು ದೇಶವನ್ನು ಅಂಚೆ ಮೂಲಕ ಕೇಳಿದ್ದರು. ಶೇಕಡಾ 61.6 ಜನ ಬೇಕು ಎಂದರು. ಅದಕ್ಕಾಗಿ ಜೋರಾಗಿ ದನಿ ಎತ್ತಿದವರಲ್ಲಿ ಮ್ಯಾಗ್ಡಾ ಒಬ್ಬರು. 2012ರ ಫೆಬ್ರವರಿ 14ರಂದು ಟಿವಿಯಲ್ಲಿ ಕೂತು ತಾವು ಯಾರನ್ನು ಪ್ರೀತಿಸುವವರು ಅಂತ ಹೇಳಿಕೊಂಡಿದ್ದರು. ಆಗ ಅವರಿಗೆ ಐವತ್ತು ವರ್ಷ. ಅಷ್ಟು ವರ್ಷ ಮನೆಮನೆಯನ್ನೂ ನಗಿಸಿದವರು ಇದೊಂದನ್ನು ಒಳಗೇ ಇಟ್ಟುಕೊಂಡಿದ್ದರು. ಮಗಳು ಇದನ್ನು ಹೇಳುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಸಂಜೆ ಎಂಸಿಜಿ ಕ್ರಿಕೆಟ್ ಮೈದಾನದ ಹೊರಗೆ ಸ್ಪಿನ್ ಬೌಲರ್ ಶೇನ್ ವಾರ್ನ್ ಪ್ರತಿಮೆ ನೋಡಿದೆವು. ಶರಾನ್‌ಗೆ ವಾರ್ನ್ ಅಂದರೆ ಹುಚ್ಚು. 2007ರ ಸರಣಿಯಲ್ಲಿ ಅವಳ ಮದುವೆ ವೇಯ್ನ್ ಎಂಬಾತನ ಜೊತೆ ಆಗುತ್ತದೆ. ವಾರ್ನ್ ಥರ ವೇಷ ಹಾಕುವುದೇ ಆ ವೇಯ್ನ್‌ನ ಕಸುಬು. ಆ ಪಾತ್ರ ಮಾಡಿದವರು ಸ್ವತಃ ವಾರ್ನ್! ಅವರು 2022ರಲ್ಲಿ ತೀರಿಕೊಂಡರು. ಪ್ರತಿಮೆಯ ಕೈಯಿಂದ ಚೆಂಡು ಇನ್ನೇನು ಹೊರಡಬೇಕು ಎನ್ನುವಂತಿದೆ.

ಆ ವಾರದ ಕೊನೆಗೆ ಕಾರಿನಲ್ಲಿ ಸಿಡ್ನಿ ಕಡೆ ಹೊರಟೆವು. ದಾರಿ ಉದ್ದ, ನಡುವೆ ಒಂದು ರಾತ್ರಿ ತಂಗಿದೆವು. ಮರುದಿನ ಮಾಸ್ ವೇಲ್ ಬಳಿ ಹೊರಳಿ ರಾಬರ್ಟ್‌ಸನ್ ಮುಟ್ಟಿದಾಗ ಮಂಜು ಇಳಿದಿತ್ತು. ಮಂಜಿನೊಳಗೆ ಕೆಂಪು ಮಣ್ಣು! ಕಾರು ನಿಲ್ಲಿಸು ಎಂದೆ. ಬಗ್ಗಿ ಒಂದು ಚಿಟಿಕೆ ಕೈಗೆ ತೆಗೆದುಕೊಂಡೆ. ನಮ್ಮ ತೋಟದ ಮಣ್ಣಿನ ಹಾಗೇ ಬೆರಳಿಗೆ ಅಂಟಿತು. ಇದು ಆಲೂಗೆಡ್ಡೆ ಊರು. ರಸ್ತೆ ಪಕ್ಕ ಲಾರಿಯಷ್ಟು ದೊಡ್ಡ ಆಲೂಗೆಡ್ಡೆಯನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಹಾಸನದವಳಿಗೆ ಇನ್ನೇನು ಬೇಕು?

1995ರ ‘ಬೇಬ್’ ಸಿನಿಮಾ ಚಿತ್ರೀಕರಣವಾದದ್ದು ಇದೇ ಊರ ಸುತ್ತ. ಕುರಿ ಕಾಯಲು ಕಲಿಯುವ ಹಂದಿಮರಿಯ ಕಥೆ. ಮರಿಗಳು ಬೇಗ ಬೆಳೆದುಬಿಡುತ್ತವೆ ಅಂತ ಒಂದು ಪಾತ್ರಕ್ಕೆ 48 ಮರಿಗಳನ್ನು ಬಳಸಿದರು. ಏಳು ಆಸ್ಕರ್ ನಾಮನಿರ್ದೇಶನ ಬಂತು, ದೃಶ್ಯ ಪರಿಣಾಮಕ್ಕೆ ಪ್ರಶಸ್ತಿ ಸಿಕ್ಕಿತು. ರೈತನಾಗಿ ಜೇಮ್ಸ್ ಕ್ರಾಮ್‌ವೆಲ್, ಹೆಂಡತಿ ಎಸ್ಮೆಯಾಗಿ ಮ್ಯಾಗ್ಡಾ. ಕ್ರಾಮ್‌ವೆಲ್ ಮ್ಯಾಗ್ಡಾಗಿಂತ ಇಪ್ಪತ್ತೊಂದು ವರ್ಷ ದೊಡ್ಡವರು. ಮೂವತ್ತು ದಾಟಿದ ಹೆಂಗಸು ಕೆನ್ನೆ ಕೆಂಪಾದ ಮುದುಕಿಯಾಗಿ ನಿಂತರೆ ನಮಗೆ ಅನುಮಾನವೇ ಬರುವುದಿಲ್ಲ. ಎಸ್ಮೆ ಮಾತು ಜಾಸ್ತಿ, ಹಂದಿಯನ್ನು ಹಬ್ಬದೂಟಕ್ಕೆ ಅಂತಲೇ ಕೊಬ್ಬಿಸುವವಳು. ಆದರೂ ಅವಳ ಮೇಲೆ ಸಿಟ್ಟು ಬರುವುದಿಲ್ಲ. ಅದು ಮ್ಯಾಗ್ಡಾ ಅವರ ಕೈಗುಣ. ಸಿನಿಮಾದ ಮನೆ ಈಗಿಲ್ಲ. ಹಸಿರು ಗುಡ್ಡ, ಬೇಲಿ, ಹಸುಗಳು ಇವೆ. ಬಿಸಿ ಪೈ ತಿಂದು ಮಂಜು ಕರಗುವವರೆಗೆ ಕಾದೆವು.

ಮೇ ಕೊನೆಯ ವಾರ. ಊರಿಗೆ ವಾಪಸ್ ಬಂದಿದ್ದೆ. ತಮ್ಮನ ಜೊತೆ ಹಾಸನದ ಎಪಿಎಂಸಿಗೆ ಬಿತ್ತನೆ ಆಲೂಗೆಡ್ಡೆ ತರಲು ಹೋಗಿದ್ದಾಗ ಮಗಳ ಫೋನ್ ಬಂತು. ಮ್ಯಾಗ್ಡಾ ಅವರಿಗೆ ರಕ್ತದ ಕ್ಯಾನ್ಸರ್, ಅಪರೂಪದ್ದು, ಬೇಗ ಹರಡುವಂಥದ್ದು, ನಾಲ್ಕನೇ ಹಂತ ಎಂದಳು. ತಲೆ ಬೋಳಿಸಿಕೊಂಡು ಅವರೇ ವಿಡಿಯೊದಲ್ಲಿ ಹೇಳಿದ್ದರು. ಸ್ತನ ತಪಾಸಣೆಗೆ ಹೋದಾಗ ಆಕಸ್ಮಿಕವಾಗಿ ಗೊತ್ತಾದದ್ದಂತೆ. “ಅಮ್ಮ, ನೀನೂ ಒಂದ್ಸಲ ತಪಾಸಣೆ ಮಾಡಿಸು” ಎಂದಳು ಮಗಳು. ಆಯ್ತು ಎಂದೆ. ಮುಂದಿನ ವಾರ ಹೋಗಿಯೂ ಬಂದೆ.

ಆಗಸ್ಟ್‌ನಲ್ಲಿ ಅಲ್ಲಿನ ಟಿವಿಯವರು ಕೊಡುವ ಲೋಗಿ ಪ್ರಶಸ್ತಿ ಸಮಾರಂಭದಲ್ಲಿ ಮ್ಯಾಗ್ಡಾ ಅವರನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಮಗಳು ತುಣುಕು ಕಳಿಸಿದಳು. ಮಳೆ ಬರುತ್ತಿತ್ತು, ಹೊಲದಲ್ಲಿ ಆಲೂಗೆಡ್ಡೆ ಗಿಡ ಮೊಣಕಾಲಿನವರೆಗೆ ಬಂದಿತ್ತು. ತಮ್ಮನ ಹೆಂಡತಿಗೂ ತೋರಿಸಿದೆ. “ಯಾರಕ್ಕ ಇವ್ರು?” ಎಂದಳು. ಬಾ, ಕೂತ್ಕೋ ಎಂದು ಮೊದಲ ಕಂತಿನಿಂದ ಹಚ್ಚಿದೆ.